ಸಿಯಾಟಲ್ ಸುತ್ತಲ ಬೆಟ್ಟಗಳಲ್ಲಿ ವಾರಾಂತ್ಯದ ಹೈಕ್: ಮಳೆಗಾಲದಲ್ಲಿ ಎಲ್ಲಿಗೆ, ಏನೇನು ಕಟ್ಟಿಕೊಂಡು?

ಹೊಸಪೇಟೆ_ಹುಡುಗ
ಎಲ್ಲರಿಗೂ ನಮಸ್ಕಾರ. ಬೆಲ್‌ವ್ಯೂನಲ್ಲಿ ವಾಸ, ಕಾರಿದೆ, ಶನಿವಾರ ಪೂರ್ತಿ ಬಿಡುವು. ಸ್ಕಂದಗಿರಿ, ಸಾವನದುರ್ಗ, ಕುಮಾರಪರ್ವತ ಎಲ್ಲ ಹತ್ತಿದ್ದೇನೆ, ಏರಿನ ಭಯ ಇಲ್ಲ. ಕೇಳಬೇಕಾದ್ದು ಮೂರು. ನವೆಂಬರ್‌ನಲ್ಲಿ ಮೌಂಟ್ ಸೈ ಹತ್ತಬಹುದಾ, ಇಲ್ಲ ಬೇಸಿಗೆ ತನಕ ಕಾಯಬೇಕಾ? ಪಾರ್ಕಿಂಗ್ ಪಾಸ್ ಅಂತ ಎರಡು ಮೂರು ಹೆಸರು ಹೇಳ್ತಾರೆ, ಯಾವುದು ತಗೊಳ್ಳಲಿ? ಏಪ್ರಿಲ್‌ಗೆ ಅಪ್ಪ ಅಮ್ಮ ಬರ್ತಾರೆ, ಅಮ್ಮನಿಗೆ ಮಂಡಿ ನೋವು. ಅವರನ್ನ ಎಲ್ಲಿಗೆ ಕರ್ಕೊಂಡು ಹೋಗಬಹುದು?

ಮಳೆನಾಡಿಗ
ಕಾಲಿನ ಶಕ್ತಿ ಬಗ್ಗೆ ಯೋಚನೆ ಬೇಡ. ಮೌಂಟ್ ಸೈ ಹೋಗಿ ಬರಲು 8 ಮೈಲಿ, ಅಂದರೆ ಹತ್ತಿರ ಹತ್ತಿರ 13 ಕಿ.ಮೀ. ಏರು 3,150 ಅಡಿ, ಸುಮಾರು 960 ಮೀಟರ್. ಕುಮಾರಪರ್ವತ ಕುಕ್ಕೆ ಕಡೆಯಿಂದ ಹತ್ತಿದವರಿಗೆ ಇದು ದೊಡ್ಡದಲ್ಲ. ಇಲ್ಲಿ ಜನರನ್ನು ಕೆಡವುವುದು ಏರಲ್ಲ. ಮೂರು ಬೇರೆ ಸಂಗತಿ: ಒದ್ದೆ, ಬೇಗ ಕವಿಯುವ ಕತ್ತಲೆ, ಮತ್ತು ಹಿಮ ಎಷ್ಟು ಎತ್ತರದಿಂದ ಶುರುವಾಗುತ್ತದೆ ಅನ್ನುವುದು.

ಕತ್ತಲೆ ಮೊದಲು. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆ ತಿಂಗಳ ನಡುವಿಗೆ ಸೂರ್ಯಾಸ್ತ 4.30ರ ಆಸುಪಾಸು, ಡಿಸೆಂಬರ್‌ನಲ್ಲಿ 4.20. ಡಗ್ಲಸ್ ಫರ್ ಮರಗಳ ಕೆಳಗೆ ಇನ್ನೂ ಅರ್ಧ ಗಂಟೆ ಮೊದಲೇ ದಾರಿ ಕಾಣದಂತಾಗುತ್ತದೆ. ಸಮಯದ ಲೆಕ್ಕಕ್ಕೆ ನೈಸ್ಮಿತ್ ಸೂತ್ರ ಸಾಕು: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೌಂಟ್ ಸೈಗೆ ಹತ್ತಲು ಮೂರು ಗಂಟೆ ಆಯಿತು. ಇಳಿಯಲು ಎರಡು, ಊಟ ವಿಶ್ರಾಂತಿಗೆ ಮುಕ್ಕಾಲು. ಬೆಳಿಗ್ಗೆ 8.30ಕ್ಕೆ ಕಾಲಿಟ್ಟರೆ 2.15ಕ್ಕೆ ಕಾರಿನ ಹತ್ತಿರ ಇರ್ತೀರಿ. ಹನ್ನೊಂದಕ್ಕೆ ಶುರು ಮಾಡಿದರೆ ಕಾಲು ಉಳುಕದಿದ್ದರೂ ಕೊನೆಯ ಮೈಲಿ ಕತ್ತಲಲ್ಲೇ. ತುದಿ ಸಿಗಲಿ ಬಿಡಲಿ, 12.30ಕ್ಕೆ ವಾಪಸ್ ತಿರುಗಬೇಕು ಅಂತ ಕಾರಿನಲ್ಲೇ ತೀರ್ಮಾನ ಮಾಡಿಕೊಳ್ಳಿ. ಮೇಲೆ ಹೋದಮೇಲೆ ಮಾಡುವ ತೀರ್ಮಾನ ಯಾವತ್ತೂ 'ಇನ್ನು ಹತ್ತೇ ನಿಮಿಷ' ಅಂತಲೇ ಇರುತ್ತದೆ.

ಈಗ ಹಿಮ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಲ್‌ವ್ಯೂನಲ್ಲಿ 8 ಡಿಗ್ರಿ, ಜಿಟಿಜಿಟಿ ಮಳೆ ಅಂದುಕೊಳ್ಳಿ. ಮೌಂಟ್ ಸೈ ದಾರಿ ಮುಗಿಯುವ ಜಾಗ 3,900 ಅಡಿ, ಅಂದರೆ 1,190 ಮೀಟರ್. ಅಲ್ಲಿ ಸೊನ್ನೆಯ ಹತ್ತಿರ. ಕೆಳಗಿನ ಮಳೆ ಮೇಲೆ ಹಿಮ, ನಡುವೆ ಎಲ್ಲೋ ಒಂದು ಕಡೆ ಎರಡೂ ಬೆರೆತ ಕೆಸರು. ಹವಾಮಾನ ವರದಿಯಲ್ಲಿ 'ಫ್ರೀಜಿಂಗ್ ಲೆವೆಲ್' ಅಂತ ಕೊಡುತ್ತಾರೆ, ಅಂದರೆ ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯುವ ಎತ್ತರ, ಅಡಿಗಳಲ್ಲಿ. ಹಿಮ ಅದಕ್ಕಿಂತ ಸುಮಾರು 1,000 ಅಡಿ ಕೆಳಗಿನವರೆಗೂ ಬೀಳುತ್ತದೆ. ಲೆವೆಲ್ 4,500 ಅಂತಿದ್ದರೆ ಸೈ ತುದಿಯಲ್ಲಿ ಹಿಮ ಉಂಟು ಅಂತಲೇ ಲೆಕ್ಕ. ಊರಿನ ಹವಾಮಾನ ನೋಡಿ ಬೆಟ್ಟಕ್ಕೆ ಹೊರಡಬೇಡಿ. ರಾಷ್ಟ್ರೀಯ ಹವಾಮಾನ ಸೇವೆಯ ತಾಣದಲ್ಲಿ ನಕಾಶೆಯ ಮೇಲೆ ಬೆಟ್ಟದ ತುದಿಯನ್ನೇ ಒತ್ತಿದರೆ ಆ ಎತ್ತರದ ಮುನ್ಸೂಚನೆ ಬರುತ್ತದೆ.

ಇನ್ನೊಂದು: ದಾರಿ ಮುಗಿದ ಮೇಲೆ ಕಾಣುವ ಬಂಡೆ ಗೋಪುರಕ್ಕೆ ಹೇಸ್ಟ್ಯಾಕ್ ಅಂತಾರೆ. ಸಾವನದುರ್ಗದ ಅಭ್ಯಾಸದಲ್ಲಿ ಅದಕ್ಕೆ ಕೈ ಹಾಕಬೇಡಿ. ಸಾವನದುರ್ಗದ ಒಣ ಗ್ರಾನೈಟ್‌ಗೆ ಶೂ ಕಚ್ಚುತ್ತದೆ, ಇಲ್ಲಿ ಒದ್ದೆ ಪಾಚಿ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಮೇಲಿನವರ ಕಾಲಿನಿಂದ ಕಲ್ಲೂ ಉರುಳುತ್ತವೆ.

ಬೆಲ್‌ವ್ಯೂ_ಭಾವ
ಮಳೆನಾಡಿಗ ಸರ್ ಲೆಕ್ಕ ಸರಿ, ಆದರೆ ನನ್ನ ಮತ ಬೇರೆ. ನವೆಂಬರ್‌ನಲ್ಲಿ ಸೈ ಹತ್ತಿ ಮೋಡದೊಳಗೆ ನಿಂತು ಚಿತ್ರಾನ್ನ ತಿಂದು ಇಳಿಯೋದರಲ್ಲಿ ಏನಿದೆ? ಪಕ್ಕದಲ್ಲೇ ಲಿಟಲ್ ಸೈ ಇದೆ: 3.7 ಮೈಲಿ, 1,300 ಅಡಿ ಏರು, ತುದಿ 1,550 ಅಡಿ. ಮೋಡದ ಕೆಳಗೇ ಉಳಿಯುವ ದಿನ ಹೆಚ್ಚು, ಹಿಮ ಅಪರೂಪ. ಟೈಗರ್ ಮೌಂಟನ್‌ನಲ್ಲಿ ವೆಸ್ಟ್ ಟೈಗರ್ 3 ಕೂಡ ಮಳೆಗಾಲಕ್ಕೆ ಲಾಯಕ್ಕು: ಐ-90 ಹೆದ್ದಾರಿಯ ಎಕ್ಸಿಟ್ 20, ಹೋಗಿ ಬರಲು 5 ಮೈಲಿ, 2,100 ಅಡಿ. ಪೂರ್ತಿ ಮರಗಳ ಕೆಳಗೆ ಹೋಗುವುದರಿಂದ ಗಾಳಿ ತಾಗಲ್ಲ.

ಮಳೆನಾಡಿಗ
ನೋಟ ಬೇಕೆಂದರೆ ನಿಮ್ಮ ಮಾತು ಒಪ್ಪಿದೆ ಭಾವ. ಬೇಸಿಗೆಗೆ ಕಾಲು ತಯಾರಾಗಬೇಕೆಂದರೆ ಸೈ. ಬರುವ ಜುಲೈಗೆ ಮೇಲ್‌ಬಾಕ್ಸ್ ಪೀಕ್ ಆಸೆಯಿದ್ದರೆ (ಹೊಸ ದಾರಿ 9.4 ಮೈಲಿ, 4,000 ಅಡಿ ಏರು) ಚಳಿಗಾಲವಿಡೀ ಸೋಫಾ ಮೇಲೆ ಕೂತಿದ್ದರೆ ಆಗದು. ಆದರೆ ಅಲ್ಲಿನ ಹಳೆಯ ದಾರಿ ಮಳೆಯಲ್ಲಿ ಬೇಡ. ಅದೇ 4,000 ಅಡಿಯನ್ನು ಮೂರು ಮೈಲಿಯೊಳಗೆ ನೆಟ್ಟಗೆ ಏರುತ್ತದೆ. ಬೇರುಗಳ ಮೇಲೆ ಕಾಲು ಜಾರುತ್ತದೆ, ದಾರಿಯ ಗುರುತು ತಪ್ಪುತ್ತದೆ. ಹುಡುಕಾಟದ ತಂಡಗಳನ್ನು ಪದೇ ಪದೇ ಕರೆಸಿದ ದಾರಿ ಅದು. 2014ರಲ್ಲಿ ಹೊಸ ದಾರಿ ತೆರೆದದ್ದರ ಹಿಂದೆ ಈ ಕಾರಣವೂ ಇದೆ.

ಉತ್ತರಕನ್ನಡತಿ
ಪಾಸ್ ವಿಷಯ. ಜಾಗ ಯಾರದ್ದು ಅಂತ ತಿಳಿದರೆ ಗೊಂದಲ ಮುಗೀತು.

ರಾಜ್ಯ ಸರ್ಕಾರದ ಜಾಗಕ್ಕೆ ಡಿಸ್ಕವರ್ ಪಾಸ್: ಮೌಂಟ್ ಸೈ, ಲಿಟಲ್ ಸೈ, ಮೇಲ್‌ಬಾಕ್ಸ್, ಟೈಗರ್ ಮೌಂಟನ್‌ನ ಎಕ್ಸಿಟ್ 20, ಟ್ವಿನ್ ಫಾಲ್ಸ್. ದಿನಕ್ಕೆ 10 ಡಾಲರ್. ವರ್ಷದ್ದು ಮೊದಲು 30 ಇತ್ತು, 2025ರ ಅಕ್ಟೋಬರ್‌ನಿಂದ 45. ಒಂದು ಪಾಸ್ ಮೇಲೆ ಎರಡು ಕಾರಿನ ನಂಬರ್ ಬರೆಯಬಹುದು, ಆದರೆ ಒಂದೇ ಹೊತ್ತಿಗೆ ಎರಡೂ ಕಾರಿಗೆ ಆಗಲ್ಲ. ಕೆಲವು ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆ ಎರವಲೂ ಸಿಗುತ್ತದೆ, ಸರದಿ ಉದ್ದ.

ಕೇಂದ್ರದ ಅರಣ್ಯ ಇಲಾಖೆ ಜಾಗಕ್ಕೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್: ಸ್ನೋ ಲೇಕ್, ಫ್ರಾಂಕ್ಲಿನ್ ಫಾಲ್ಸ್, ಗೋಲ್ಡ್ ಕ್ರೀಕ್ ಪಾಂಡ್. ದಿನಕ್ಕೆ 5, ವರ್ಷಕ್ಕೆ 30 ಡಾಲರ್. ರಾಷ್ಟ್ರೀಯ ಉದ್ಯಾನಗಳ 80 ಡಾಲರಿನ ವಾರ್ಷಿಕ ಪಾಸ್ ಇದ್ದರೆ ಇಲ್ಲಿ ಅದೇ ನಡೆಯುತ್ತದೆ, ಆದರೆ ರಾಜ್ಯದ ಜಾಗದಲ್ಲಿ ನಡೆಯಲ್ಲ.

ನಗರ, ಕೌಂಟಿ ಜಾಗಕ್ಕೆ ಪಾಸೇ ಬೇಡ: ರ್ಯಾಟಲ್‌ಸ್ನೇಕ್ ಲೆಡ್ಜ್, ಕೂಗರ್ ಮೌಂಟನ್.

ನಾಲ್ಕನೇದು ಚಳಿಗಾಲದಲ್ಲಿ ಮಾತ್ರ. ಹಿಮ ತೆಗೆದು ಕೊಡುವ ಕೆಲವು ಪಾರ್ಕಿಂಗ್ ಜಾಗಗಳಿಗೆ ಸ್ನೋ-ಪಾರ್ಕ್ ಪರವಾನಗಿ ಬೇಕು. ಗೋಲ್ಡ್ ಕ್ರೀಕ್, ಹಯಾಕ್ ಎರಡೂ ಆ ಪಟ್ಟಿಯಲ್ಲಿವೆ. ಬೇರೆ ಪಾಸ್ ಗಾಜಿಗೆ ನೇತುಹಾಕಿದ್ದರೂ ದಂಡ ಬೀಳುತ್ತದೆ.

ಮಳೆಗಾಲದಲ್ಲಿ ನೀವು ಹತ್ತೋದೆಲ್ಲ ಕಡಿಮೆ ಎತ್ತರದ, ರಾಜ್ಯ ಸರ್ಕಾರದ ಜಾಗಗಳೇ. ಈಗ ಡಿಸ್ಕವರ್ ಒಂದು ತಗೊಳ್ಳಿ, ಫಾರೆಸ್ಟ್ ಪಾಸ್ ಜುಲೈಗೆ.

ಹೊಸಪೇಟೆ_ಹುಡುಗ
ಥ್ಯಾಂಕ್ಸ್ ಅಕ್ಕ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬಟ್ಟೆ, ಶೂ? ಸದ್ಯ ಜೀನ್ಸ್, ಓಡುವ ಶೂ, ಒಂದು ದಪ್ಪ ಡೌನ್ ಜಾಕೆಟ್ ಇದೆ.

ಬೂಟು_ಬುತ್ತಿ
ಮೂರರಲ್ಲಿ ಎರಡು ಮನೆಯಲ್ಲಿಡಿ. ಜೀನ್ಸ್ ನೀರು ಕುಡಿದರೆ ಒಣಗಲ್ಲ, ತೊಡೆಗೆ ಅಂಟಿಕೊಂಡು ಶಾಖ ಎಳೆಯುತ್ತಲೇ ಇರುತ್ತದೆ. ಡೌನ್ ಒದ್ದೆಯಾದರೆ ಗರಿ ಮುದ್ದೆಯಾಗಿ ಕೆಲಸಕ್ಕೆ ಬರಲ್ಲ. ಈ ಊರಿನ ಮಳೆಗೆ ಸಿಂಥೆಟಿಕ್ ತುಂಬಿದ ಜಾಕೆಟ್ಟೇ ಸರಿ. ಓಡುವ ಶೂ ಒಣ ದಾರಿಗೆ ನಡೆದೀತು, ಒದ್ದೆ ಬೇರಿನ ಮೇಲೆ ಆಗಲ್ಲ. ತಳದ ಗುಬಟುಗಳು 4-5 ಮಿ.ಮೀ. ಆಳ ಇರುವ ಟ್ರೇಲ್ ಶೂ ನೋಡಿ. ಕಾಲು ಇಳಿಜಾರಲ್ಲಿ ಮುಂದೆ ಜರುಗುವುದರಿಂದ ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಬೇಕು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುವಾಗ, ಹೈಕ್‌ಗೆ ಹಾಕುವ ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ.

ಮೈಮೇಲೆ ಮೂರು ಪದರ. ಒಳಗೆ ತೆಳು ಮೆರಿನೊ ಉಣ್ಣೆ ಇಲ್ಲವೇ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಹೊರಗೆ ಮಳೆ ಜಾಕೆಟ್. ಎಲ್ಲರೂ ಮಾಡುವ ತಪ್ಪು ಮೂರನ್ನೂ ಕಾರಿನಿಂದಲೇ ಹಾಕಿಕೊಂಡು ಹೊರಡುವುದು. ಇಪ್ಪತ್ತು ನಿಮಿಷದಲ್ಲಿ ಬೆವರು ಒಳಗಿನಿಂದ ನೆನೆಸುತ್ತದೆ, ತುದಿಯಲ್ಲಿ ನಿಂತ ಕೂಡಲೇ ನಡುಕ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಅಷ್ಟೇ ಬಟ್ಟೆ ಇರಲಿ. ಕಂಕುಳ ಕೆಳಗೆ ಜಿಪ್ ಇರುವ ಜಾಕೆಟ್ ಸಿಕ್ಕರೆ ಬಿಡಬೇಡಿ, ಏರಿನಲ್ಲಿ ತೆರೆದಿಡಬಹುದು. ನಿಂತಾಗ ಹಾಕಲು ಒಣ ಜಾಕೆಟ್, ಒಂದು ಜೊತೆ ಕೈಗವಸು, ಕಾಲುಚೀಲ ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇರಲಿ. ಬ್ಯಾಗಿನ ಹೊರಗವಸನ್ನು ನಂಬಬೇಡಿ. ಬೆನ್ನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಬ್ಯಾಗಿನ ಒಳಗೆ ಒಂದು ದೊಡ್ಡ ಕಸದ ಚೀಲ ಹಾಕಿ ಅದರೊಳಗೆ ಸಾಮಾನು ತುಂಬಿ.

ಹಳೇ ಮಳೆ ಜಾಕೆಟ್ ಸೋರುತ್ತದೆ ಅಂತ ಎಸೆಯುವವರಿಗೆ: ಹೆಚ್ಚಿನ ಸಲ ಅದು ಹರಿದಿರುವುದಿಲ್ಲ, ಹೊರಬಟ್ಟೆಯ ನೀರು ಜಾರಿಸುವ ಲೇಪ ಕೊಳೆಯಿಂದ ಸತ್ತಿರುತ್ತದೆ. ಹನಿ ಮುತ್ತಿನ ಹಾಗೆ ಉರುಳದೆ ಬಟ್ಟೆ ಕಪ್ಪಗೆ ನೆನೆದರೆ ಇದೇ ಕಾರಣ. ಮಳೆ ಬಟ್ಟೆಗೆಂದೇ ಬರುವ ಸೋಪಿನ ದ್ರವದಲ್ಲಿ ತೊಳೆದು, ಬಟ್ಟೆಯ ಚೀಟಿ ಒಪ್ಪಿದರೆ ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ ಇಪ್ಪತ್ತು ನಿಮಿಷ ತಿರುಗಿಸಿ. ಸಾಮಾನ್ಯ ಡಿಟರ್ಜೆಂಟ್, ಮೃದುಕಾರಕ ಎರಡೂ ಬೇಡ.

ಕಾಫಿತೋಟ_ರೆಡ್ಮಂಡ್
ಮೈಕ್ರೋಸ್ಪೈಕ್ಸ್ (ಜಾರದಂತೆ ಶೂ ಅಡಿಗೆ ಸಿಕ್ಕಿಸುವ ಮೊಳೆಗಳು) ಹೇಳೋದು ಮರೆತಿರಿ. ಹಿಮಕ್ಕಿಂತ ಮುಖ್ಯವಾಗಿ ಮಂಜುಗಡ್ಡೆಗೆ ಅದು ಬೇಕು. ಸೈ ದಾರಿಯ ಕೊನೆಯ ಮೈಲಿಯಲ್ಲಿ ನೂರಾರು ಜನ ತುಳಿದ ಹಿಮ ಹಗಲು ಕರಗಿ ರಾತ್ರಿ ಗಟ್ಟಿಯಾಗಿ ಗಾಜಾಗುತ್ತದೆ. ಹತ್ತುವಾಗ ಗೊತ್ತೇ ಆಗಲ್ಲ, ಇಳಿಯುವಾಗ ಗೊತ್ತಾಗುತ್ತದೆ.

ಕಾಲಿಗೊಂದರಂತೆ ರಬ್ಬರ್ ಪಟ್ಟಿ, ಕೆಳಗೆ ಸರಪಳಿಗೆ ಕಟ್ಟಿದ ಉಕ್ಕಿನ ಮೊಳೆ (ಒಂದು ಸೆಂಟಿಮೀಟರ್ ಉದ್ದದ್ದು, ಹತ್ತು ಹನ್ನೆರಡು) ಇರುವಂಥದ್ದು ತಗೊಳ್ಳಿ. ಸುರುಳಿ ತಂತಿ ಇರುವ ಅಗ್ಗದ್ದು ಮನೆ ಮುಂದಿನ ಫುಟ್‌ಪಾತಿಗೆ ಸರಿ, ಇಳಿಜಾರಲ್ಲಿ ಕಚ್ಚಲ್ಲ. ಹಾಕುವಾಗ ಬೆರಳ ಕಡೆ ಮೊದಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಕಡೆ ರಬ್ಬರನ್ನು ಎರಡೂ ಕೈಯಲ್ಲಿ ಎಳೆದು ಏರಿಸಿ. ಸರಪಳಿ ತಿರುಚಿಕೊಂಡಿದೆಯಾ ಅಂತ ಒಮ್ಮೆ ಅಡಿ ಎತ್ತಿ ನೋಡಿ. ತಿರುಚಿದ್ದರೆ ಮೊಳೆ ಪಕ್ಕಕ್ಕೆ ಮಲಗಿ ಪಾದ ಹೊರಳುತ್ತದೆ. ಬೆರಳು ಮರಗಟ್ಟುವ ಮೊದಲೇ, ಜಾರಲು ಶುರುವಾಗುವ ಮೊದಲೇ ಹಾಕಿ. ಬರೀ ಕಲ್ಲು ಬಂದಾಗ ಬಿಚ್ಚಿ, ಇಲ್ಲದಿದ್ದರೆ ಮೊಳೆ ಮೊಂಡಾಗುತ್ತದೆ. ಅಂಟು ಹಿಮ ಅಡಿಯಲ್ಲಿ ಉಂಡೆ ಕಟ್ಟಿದರೆ ಕೋಲಿನಿಂದ ಶೂ ಪಕ್ಕಕ್ಕೆ ತಟ್ಟಿದರೆ ಉದುರುತ್ತದೆ.

ಒಂದು ಮಾತ್ರ ನೆನಪಿರಲಿ: ಇದು ಕ್ರ್ಯಾಂಪಾನ್ (ಕಡಿದಾದ ಹಿಮ ಹತ್ತುವವರು ಬೂಟಿಗೆ ಕಟ್ಟುವ ಉದ್ದ ಮೊಳೆಗಳ ಚೌಕಟ್ಟು) ಅಲ್ಲ. ಜಾರಿದರೆ ನಿಲ್ಲಲು ಜಾಗವಿಲ್ಲದ ಕಡಿದಾದ ಹಿಮದ ಮೇಲೆ ಇದನ್ನು ನೆಚ್ಚಿಕೊಂಡು ಹೋಗಬಾರದು.

ಹೊಸಪೇಟೆ_ಹುಡುಗ
ಹಾಗಾದರೆ ಸ್ಪೈಕ್ಸ್ ಹಾಕ್ಕೊಂಡು ಡಿಸೆಂಬರ್‌ನಲ್ಲಿ ಸ್ನೋ ಲೇಕ್? ಹೆಪ್ಪುಗಟ್ಟಿದ ಕೆರೆ ಫೋಟೋ ನೋಡಿ ಆಸೆಯಾಗಿದೆ. 7.2 ಮೈಲಿ, 1,800 ಅಡಿ ಅಷ್ಟೇ ತಾನೆ.

ಮಳೆನಾಡಿಗ
ಬೇಡ. 'ಅಷ್ಟೇ ತಾನೆ' ಅನ್ನುವ ಆ ಅಂಕಿಗಳು ಬೇಸಿಗೆಯವು. ಆಲ್ಪೆಂಟಲ್ ಸ್ಕೀ ತಾಣದ ಹತ್ತಿರದಿಂದ ಹೊರಡುವ ಆ ದಾರಿ ಕಣಿವೆಯ ಬದಿಯಲ್ಲೇ ಸಾಗುತ್ತದೆ, ಮೇಲಿನಿಂದ ಹಿಮಕುಸಿತ ಇಳಿಯುವ ಓಣಿಗಳನ್ನು ಒಂದಾದ ಮೇಲೊಂದು ಅಡ್ಡ ದಾಟುತ್ತದೆ. ನೀವು ನಿಂತ ಜಾಗ ಸಮತಟ್ಟೇ ಇರಬಹುದು. ಸಡಿಲವಾಗುವುದು ತಲೆಯ ಮೇಲೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಮರಗಳ ಮರೆಯಲ್ಲಿ, ನಿಮಗೆ ಕಾಣದ ಕಡೆ. ಶನಿವಾರ ಹೆಜ್ಜೆ ಗುರುತು ತುಂಬಾ ಇರುತ್ತವೆ, ಅದನ್ನು ನೋಡಿ 'ಇಷ್ಟು ಜನ ಹೋಗಿದ್ದಾರೆ' ಅನ್ನಿಸುತ್ತದೆ. ಹೆಜ್ಜೆ ಗುರುತು ನಿನ್ನೆಯದು, ಹಿಮ ಇಂದಿನದು.

ನವೆಂಬರ್ ಕೊನೆಯಿಂದ ಏಪ್ರಿಲ್ ತನಕ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ದಿನಾ ಸಂಜೆ ಮರುದಿನದ ಮುನ್ಸೂಚನೆ ಹಾಕುತ್ತದೆ, 1ರಿಂದ 5ರ ಅಪಾಯದ ಮಾಪನದಲ್ಲಿ. ಜನ 3ಕ್ಕೆ 'ಮಧ್ಯದ ಅಂಕಿ, ಪರವಾಗಿಲ್ಲ' ಅಂತ ಅರ್ಥ ಮಾಡ್ತಾರೆ. ಅಲ್ಲ. ಸಾವುಗಳಲ್ಲಿ ದೊಡ್ಡ ಪಾಲು 3ರ ದಿನಗಳದ್ದೇ. ಬೀಕನ್ (ಹೂತವರ ಜಾಗ ತೋರಿಸುವ ಸಂಕೇತ ಯಂತ್ರ), ಸಲಿಕೆ, ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು) ಮೂರೂ ಇಟ್ಟುಕೊಂಡು, ಬಳಸಲು ತರಬೇತಿ ಪಡೆದು, ಅದೇ ತರಬೇತಿ ಇರುವ ಜೊತೆಗಾರರಿದ್ದರೆ ಹೋಗುವ ಜಾಗ ಅದು. ಹೂತವರನ್ನು ಮೊದಲ ಹದಿನೈದು ನಿಮಿಷದೊಳಗೆ ಜೊತೆಯವರೇ ತೆಗೆಯಬೇಕು, ಹೊರಗಿನ ತಂಡ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸ್ನೋ ಲೇಕ್ ಜುಲೈ ನಡುವಿಗೆ ಇಟ್ಟುಕೊಳ್ಳಿ. ಜೂನ್ ಕೊನೆಯಲ್ಲೂ ಮೇಲಿನ ತಿರುವಿನಲ್ಲಿ ಹಿಮ ಉಳಿದಿರುವುದು ಮಾಮೂಲು.

ಕಾಫಿತೋಟ_ರೆಡ್ಮಂಡ್
+1. ಹಿಮ ಬೇಕೇ ಬೇಕು ಅಂದರೆ ಗೋಲ್ಡ್ ಕ್ರೀಕ್ ಪಾಂಡ್ ಹತ್ತಿರದ ಸಮತಟ್ಟಿನಲ್ಲಿ ಸ್ನೋಶೂ (ಹಿಮದಲ್ಲಿ ಹೂಳದಂತೆ ಶೂ ಕೆಳಗೆ ಕಟ್ಟುವ ಅಗಲ ಚೌಕಟ್ಟು) ಬಾಡಿಗೆ ತಂದು ನಡೆಯಿರಿ. ಕೊಳ ಸುತ್ತುವುದಷ್ಟೇ, ಕಣಿವೆಯ ಒಳಗೆ ಮುಂದೆ ಹೋದರೆ ಅಲ್ಲೂ ಕುಸಿತದ ಓಣಿಗಳಿವೆ.

ಉತ್ತರಕನ್ನಡತಿ
ಬುತ್ತಿ ಬಗ್ಗೆ ಯಾರೂ ಹೇಳಲಿಲ್ಲ. ಚಳಿಯಲ್ಲಿ ಕೈಗವಸು ಬಿಚ್ಚದೆ ತಿನ್ನುವಂಥದ್ದು ಇರಬೇಕು. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಬಿಗಿಯಾಗಿ ಸುತ್ತಿ, ಅರ್ಧ ಅರ್ಧ ಕತ್ತರಿಸಿ ಕಾಗದದಲ್ಲಿ ಮಡಚಿದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಪುಳಿಯೋಗರೆ, ಚಿತ್ರಾನ್ನ ಸೊನ್ನೆ ಡಿಗ್ರಿಯಲ್ಲಿ ಕಾಳು ಕಾಳಾಗಿ ಗಟ್ಟಿಯಾಗುತ್ತವೆ. ಅಗಲ ಬಾಯಿಯ ಥರ್ಮಾಸ್‌ನಲ್ಲಿದ್ದರೆ ಮಾತ್ರ ಸರಿ. ಶೇಂಗಾ ಚಿಕ್ಕಿ ಕಲ್ಲಾಗುತ್ತದೆ, ಹಲ್ಲು ಜೋಪಾನ. ಬದಲಿಗೆ ಖರ್ಜೂರ, ಗೋಡಂಬಿ, ಕೋಡುಬಳೆ. ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ, ಅದಕ್ಕೇ ಅರ್ಧ ಲೀಟರ್ ಬಿಸಿ ಕಷಾಯ ಥರ್ಮಾಸ್‌ನಲ್ಲಿಟ್ಟರೆ ಕುಡಿಯೋಣ ಅನ್ನಿಸುತ್ತದೆ. ತೊರೆ ನೀರು ಎಷ್ಟೇ ತಿಳಿಯಾಗಿದ್ದರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರಾವಲಂಬಿ ಇರಬಹುದು, ಶೋಧಿಸದೆ ಬೇಡ. ಹಿಂಡುವ ಫಿಲ್ಟರ್ ಬಳಸುವವರು ಒಮ್ಮೆ ನೀರು ಹಾಯಿಸಿದ ಮೇಲೆ ಅದನ್ನು ಹೆಪ್ಪುಗಟ್ಟಲು ಬಿಡಬಾರದು. ಒಳಗಿನ ಕೊಳವೆ ನಾರುಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣಲ್ಲ. ಒಳಜೇಬಿನಲ್ಲಿಡಿ.

ಕಿತ್ತಳೆ ಸಿಪ್ಪೆ, ಕರಿಬೇವು ಕಡ್ಡಿ ಎಲ್ಲ ವಾಪಸ್ ತನ್ನಿ. 'ಮಣ್ಣಲ್ಲಿ ಕರಗುತ್ತೆ' ಅನ್ನೋ ವಾದ ಈ ಚಳಿಗೆ ನಡೆಯಲ್ಲ, ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ.

ಬೆಲ್‌ವ್ಯೂ_ಭಾವ
ಸ್ಪೀಕರ್‌ನಲ್ಲಿ ಹಾಡು ಹಾಕ್ಕೊಂಡು ಹತ್ತೋರಿಗೂ ಯಾರಾದರೂ ಹೇಳಿ ಪ್ಲೀಸ್. ನಮ್ಮವರೇ ಜಾಸ್ತಿ.

ಮಂಡ್ಯ_ಮೋಡ
ಪ್ರಾಣಿಗಳು? ಅಲ್ಲಿ ಇಂಬಳ ಇದೆಯಾ? ರ್ಯಾಟಲ್‌ಸ್ನೇಕ್ ಅಂತ ಹೆಸರಿಟ್ಟ ಕಡೆ ಹೋಗಲು ನಮ್ಮನೆಯವರು ಒಪ್ತಿಲ್ಲ.

ಮಳೆನಾಡಿಗ
ನಮ್ಮ ಮಲೆನಾಡಿನ ಹಾಗೆ ಕಾಲಿಗೆ ಹತ್ತುವ ಇಂಬಳದ ಕಾಟ ಇಲ್ಲಿಲ್ಲ. ರ್ಯಾಟಲ್‌ಸ್ನೇಕ್ ಹಾವು ಇರುವುದು ಕ್ಯಾಸ್ಕೇಡ್ ಶ್ರೇಣಿಯ ಪೂರ್ವಕ್ಕೆ, ಒಣ ಬಯಲಲ್ಲಿ. ಈ ಕಡೆ ಇಲ್ಲ. ರ್ಯಾಟಲ್‌ಸ್ನೇಕ್ ಲೆಡ್ಜ್‌ನ ನಿಜವಾದ ಅಪಾಯ ತುದಿಯ ಬಂಡೆ, ಕಂಬಿ ಇಲ್ಲ, ಬಿದ್ದು ಸತ್ತವರಿದ್ದಾರೆ. ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಹಿಂದೆ ಹಿಂದೆ ಸರಿಯಬೇಡಿ.

ಕರಡಿ ಕಪ್ಪು ಜಾತಿಯದ್ದು, ಮಾತು ಕೇಳಿದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕೂಗರ್, ಅಂದರೆ ಬೆಟ್ಟದ ಸಿಂಹ, ಕಾಣುವುದು ತೀರಾ ಅಪರೂಪ, ಆದರೆ 2018ರ ಮೇ ತಿಂಗಳಲ್ಲಿ ನಾರ್ತ್ ಬೆಂಡ್ ಹತ್ತಿರ ಒಬ್ಬ ಸೈಕಲ್ ಸವಾರರನ್ನು ಕೊಂದಿದೆ. ಎದುರಾದರೆ ಓಡಬೇಡಿ, ಬೆನ್ನು ತೋರಬೇಡಿ, ಮಕ್ಕಳನ್ನು ಎತ್ತಿಕೊಂಡು, ಜಾಕೆಟ್ ಅಗಲಿಸಿ ದೊಡ್ಡದಾಗಿ ಕಾಣಿಸಿಕೊಂಡು ಕೂಗಿ. ಬೇಸಿಗೆ ಕೊನೆಯಲ್ಲಿ ದಿನನಿತ್ಯದ ಕಾಟ ಅಂದರೆ ಹಳದಿ ಕಣಜ. ಗೂಡು ನೆಲದೊಳಗೆ ಇರುತ್ತದೆ, ಮುಂದಿನವರು ತುಳಿದರೆ ಹಿಂದಿನವರಿಗೆ ಕಚ್ಚುತ್ತದೆ.

ಬೂಟು_ಬುತ್ತಿ
ಅವಘಡ ಆದರೆ ತುರ್ತು ಸಂಖ್ಯೆ 911. ಮೌಂಟ್ ಸೈ ಅಡಿಯಲ್ಲೇ ಸಿಗ್ನಲ್ ಹೋಗಿ ಬರುತ್ತದೆ, ಮಿಡಲ್ ಫೋರ್ಕ್ ಕಣಿವೆಯಲ್ಲಿ ಇಲ್ಲವೇ ಇಲ್ಲ ಅನ್ನಿ. ಕರೆ ಹೋಗದಿದ್ದರೂ ಸಂದೇಶ ಹೋಗಬಹುದು, ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 911ಕ್ಕೆ ಟೆಕ್ಸ್ಟ್ ಮಾಡಬಹುದು. ಐಫೋನ್ 14 ಮತ್ತು ಮುಂದಿನವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಇದೆ, ಆದರೆ ಆಕಾಶ ಕಾಣಬೇಕು. ದಟ್ಟ ಮರದಡಿ ತುಂಬಾ ಹೊತ್ತು ಹಿಡಿಯುತ್ತದೆ, ತೆರಪು ಹುಡುಕಿ. ಫೋನನ್ನು ವಿಮಾನದ ಮೋಡ್‌ಗೆ ಹಾಕಿ ಎದೆಯ ಒಳಜೇಬಿನಲ್ಲಿಡಿ. ಚಳಿಗೆ 40 ಪರ್ಸೆಂಟ್ ತೋರಿಸುತ್ತಲೇ ಆಫ್ ಆಗುತ್ತದೆ. ನಕಾಶೆ ಮನೆಯಲ್ಲೇ ಡೌನ್‌ಲೋಡ್. ತಲೆದೀಪ ಬೇರೆ ಇರಲಿ, ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ. ಹೊರಡುವ ಮೊದಲು ಯಾವ ಟ್ರೇಲ್‌ಹೆಡ್ (ದಾರಿ ಶುರುವಾಗುವ ಜಾಗ), ಕಾರ್ ನಂಬರ್, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 911ಗೆ ಹೇಳಬೇಕು, ಮೂರನ್ನೂ ಊರಲ್ಲಿರುವ ಒಬ್ಬರಿಗೆ ಬರೆದು ಕಳಿಸಿ.

ಹುಡುಕಿ ಕೆಳಗೆ ತರುವ ತಂಡದವರು ಸ್ವಯಂಸೇವಕರು, ಅದಕ್ಕೆ ಬಿಲ್ ಬರುವುದಿಲ್ಲ. ದುಡ್ಡಿಗೆ ಹೆದರಿ ಕರೆಯಲು ತಡ ಮಾಡಬೇಡಿ. ಆಂಬುಲೆನ್ಸ್, ಆಸ್ಪತ್ರೆ ಬಿಲ್ ಬೇರೆ. ಊರಿಂದ ಬರುವ ಅಪ್ಪ ಅಮ್ಮನ ಪ್ರವಾಸಿ ವಿಮೆಯಲ್ಲಿ ಹಳೆಯ ಕಾಯಿಲೆ, ತುರ್ತು ಸಾಗಾಟ ಎರಡೂ ಸೇರಿವೆಯಾ ಅಂತ ಕೊಳ್ಳುವಾಗಲೇ ಓದಿ.

ಉತ್ತರಕನ್ನಡತಿ
ಈಗ ಅಮ್ಮನ ಮಂಡಿ. ಎಲ್ಲರೂ ಟ್ವಿನ್ ಫಾಲ್ಸ್ ಹೇಳ್ತಾರೆ, ದೂರ ಮೂರು ಮೈಲಿಯೊಳಗೇ, ಏರೂ 500 ಅಡಿ. ಆದರೆ ಜಲಪಾತದ ಹತ್ತಿರ ಮೆಟ್ಟಿಲು ಮೆಟ್ಟಿಲು, ಮಂಡಿಗೆ ಮೆಟ್ಟಿಲಿಳಿಯುವುದೇ ಶತ್ರು. ಅಪ್ಪನಿಗೆ ಸರಿ, ಅಮ್ಮನಿಗೆ ಬೇಡ. ಗೋಲ್ಡ್ ಕ್ರೀಕ್ ಪಾಂಡ್ ಡಾಂಬರು ಹಾದಿ, ಒಂದೇ ಮೈಲಿ, ಚಂದ. ಆದರೆ ಏಪ್ರಿಲ್‌ನಲ್ಲಿ ಅದು ಹಿಮದಡಿ ಇರುತ್ತದೆ, ಮೇ ಕೊನೆಗೆ ಇಟ್ಟುಕೊಳ್ಳಿ.

ಏಪ್ರಿಲ್‌ಗೆ ನನ್ನ ಆಯ್ಕೆ ರ್ಯಾಟಲ್‌ಸ್ನೇಕ್ ಲೇಕ್. ಬೆಟ್ಟ ಹತ್ತದೆ ಕೆರೆ ದಂಡೆಯಲ್ಲಿ ಸಮತಟ್ಟಾದ ನಡಿಗೆ, ಪಕ್ಕದಲ್ಲಿ ಸಿಯಾಟಲ್‌ಗೆ ಕುಡಿಯುವ ನೀರು ಕೊಡುವ ಸೀಡರ್ ನದಿ ಜಲಾನಯನದ ಮಾಹಿತಿ ಕೇಂದ್ರ, ಶೌಚಾಲಯವೂ ಉಂಟು. ಐ-90ರ ಎಕ್ಸಿಟ್ 32ರಲ್ಲಿ ಇಳಿದು ಬಲಕ್ಕೆ (ಎಡಕ್ಕೆ ಹೋದರೆ ಮೌಂಟ್ ಸೈ). ಬಿಸಿಲಿನ ಶನಿವಾರ ಬೆಳಿಗ್ಗೆ ಎಂಟರೊಳಗೆ ಪಾರ್ಕಿಂಗ್ ತುಂಬುತ್ತದೆ, ರಸ್ತೆ ಬದಿಯ ಬಿಳಿ ಗೆರೆ ದಾಟಿ ನಿಲ್ಲಿಸಿದರೆ ಎಳೆದೊಯ್ಯುತ್ತಾರೆ. ಅಲ್ಲಿಂದಲೇ ಹಳೆಯ ಮಿಲ್ವಾಕಿ ರೈಲು ಹಳಿ ಕಿತ್ತು ಮಾಡಿದ ಪಲೂಸ್ ಟು ಕ್ಯಾಸ್ಕೇಡ್ಸ್ ಹಾದಿ ಶುರು. ರೈಲು ಹತ್ತುತ್ತಿದ್ದ ಹಾದಿಯಾದ್ದರಿಂದ ಏರು ಗೊತ್ತೇ ಆಗಲ್ಲ. ಎಷ್ಟು ದೂರ ಬೇಕೋ ಅಷ್ಟು ನಡೆದು ತಿರುಗಿ. ಆ ಹಾದಿಯ ಸ್ವಂತ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದರೆ ಡಿಸ್ಕವರ್ ಪಾಸ್ ಬೇಕು.

ಇದೇ ಹಾದಿಯಲ್ಲಿ ಮೇಲೆ ಹಯಾಕ್ ಹತ್ತಿರ 2.3 ಮೈಲಿ ಉದ್ದದ ಸುರಂಗ ಇದೆ, ಪೂರ್ತಿ ಸಮತಟ್ಟು. ನವೆಂಬರ್ 1ರಿಂದ ಮೇ 1ರ ತನಕ ಬಾಗಿಲು ಮುಚ್ಚಿರುತ್ತದೆ. ಅಪ್ಪ ಅಮ್ಮ ಮೇನಲ್ಲೂ ಇದ್ದರೆ ಮರೀಬೇಡಿ. ತಲಾ ಒಂದು ತಲೆದೀಪ, ಮೇಲಿಂದ ನೀರು ತೊಟ್ಟಿಕ್ಕುವುದರಿಂದ ಟೋಪಿ, ಹೊರಗೆ ಎಷ್ಟೇ ಬಿಸಿಲಿದ್ದರೂ ಸ್ವೆಟರ್.

ಒಂದು ಜೊತೆ ವಾಕಿಂಗ್ ಕೋಲು ಈಗಲೇ ತಗೊಳ್ಳಿ. ಸಮ ನೆಲದಲ್ಲಿ ಮೊಣಕೈ 90 ಡಿಗ್ರಿ ಮಡಚುವಷ್ಟು ಉದ್ದ, ಇಳಿಯುವಾಗ 5ರಿಂದ 10 ಸೆಂ.ಮೀ. ಹೆಚ್ಚು. ಮಣಿಕಟ್ಟಿನ ಪಟ್ಟಿಗೆ ಕೈಯನ್ನು ಕೆಳಗಿನಿಂದ ತೂರಿಸಿ ಹಿಡಿಯಬೇಕು, ಆಗ ಭಾರ ಪಟ್ಟಿ ಹೊರುತ್ತದೆ. ಕೋಲು ಮೊದಲು ಊರಿ ಆಮೇಲೆ ನೋವಿರುವ ಕಾಲು ಇಡಲು ಹೇಳಿ, ಮನೆ ಮುಂದಿನ ರಸ್ತೆಯಲ್ಲಿ ಎರಡು ಸಂಜೆ ಅಭ್ಯಾಸ ಆಗಲಿ. ತುದಿಗೆ ರಬ್ಬರ್ ಬಿರಡೆ ಹಾಕಿದ್ದರೆ ಡಾಂಬರಿನ ಮೇಲೆ ಜಾರಲ್ಲ, ಕೆಸರಿಗೆ ತೆಗೆದುಬಿಡಿ.

ಹೊಸಪೇಟೆ_ಹುಡುಗ
ಅಕ್ಕ, ಕೆರೆ ಹತ್ತಿರ ಊಟಕ್ಕೆ ಕೂರಲು ಜಾಗ ಇದೆಯಾ, ಇಲ್ಲ ಜಮಖಾನೆ ತರಬೇಕಾ?

ಉತ್ತರಕನ್ನಡತಿ
ಮೇಜುಗಳಿವೆ, ಏಪ್ರಿಲ್‌ನಲ್ಲಿ ಒದ್ದೆ. ಜಮಖಾನೆ ಜೊತೆಗೆ ಒಂದು ಟಾರ್ಪಾಲ್ ತನ್ನಿ.